ಹುಲ್ಲಿನ ಮೇಲೆ ಬಿತ್ತಿದ ಮೆಕ್ಕೆಜೋಳ

ಬೆಥನಿ ಹಳ್ಳಿ, ಮಿನ್ನೆಸೋಟ
ಜೂನ್ ಹದಿನಾಲ್ಕು, ಭಾನುವಾರ

ಪ್ರೀತಿಯ ಮಗಳು ರಾಗ್ನಾಳಿಗೆ,

ಮೊದಲು ನಿನ್ನ ಸೊಂಟನೋವಿನ ವಿಚಾರ ಬರೆ. ವಿಸ್ಕಾನ್ಸಿನ್‌ನ ಆ ಹಾಲಿನ ಕೊಟ್ಟಿಗೆಯಲ್ಲಿ, ಸಿಮೆಂಟಿನ ನೆಲದ ಮೇಲೆ, ನಸುಕಿನಿಂದಲೇ ನಿಲ್ಲುವವರಿಗೆ ಸೊಂಟವಷ್ಟೇ ಅಲ್ಲ, ಮಂಡಿಯೂ ಕೈಕೊಡುತ್ತದೆ. ನಿನ್ನ ಅಮ್ಮ ಕಳುಹಿಸಿದ ಉಣ್ಣೆಯ ಪಟ್ಟಿಯನ್ನು ತಪ್ಪದೆ ಕಟ್ಟಿಕೊಳ್ಳತಕ್ಕದ್ದು. ನನ್ನ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಮಾಗಿದೆ. ವೈದ್ಯರು ಬೆಣ್ಣೆ ಬೇಡವೆಂದಿದ್ದಾರೆ. ಆಲೂಗಡ್ಡೆಯ ರೊಟ್ಟಿಯನ್ನು ಬೆಣ್ಣೆಯಿಲ್ಲದೆ ತಿನ್ನುವುದೆಂದರೆ ಬದುಕಿರುವುದಕ್ಕೆ ಕಟ್ಟುವ ಕಂದಾಯ ಎಂದು ತಿಳಿದು ತಿನ್ನುತ್ತಿದ್ದೇನೆ.

ತರುವಾಯ ತಿಳಿಯಪಡಿಸುವುದೇನೆಂದರೆ, ನಿನ್ನ ಕಡಸುಗಳಿಗೆ ಗಿರಾಕಿ ಕಾದಿದ್ದಾನೆಂದೂ, ತಿಂಗಳ ಕೊನೆಗೆ ಉತ್ತರ ಹೇಳಬೇಕೆಂದೂ, ಪೂರ್ವದ ಹೊಲದಲ್ಲಿ ಹುಲ್ಲು ನಿಂತಿದ್ದರೆ ಮಾತ್ರ ಅವುಗಳನ್ನು ಮಾರದೆ ಮನೆಗೆ ಹೊಡೆದುಕೊಂಡು ಬರುವೆನೆಂದೂ ಬರೆದಿರುವೆ. ಹುಲ್ಲು ಹೇಗಿದೆ ಎಂದು ಕೇಳಿರುವೆ. ಸದರಿ ಪ್ರಶ್ನೆಗೆ ನಾನು ಈವರೆಗೆ ಉತ್ತರಿಸಲಿಲ್ಲ. ನಿನ್ನ ಅಮ್ಮ ಇಂದು ಚರ್ಚಿನಿಂದ ಬರುತ್ತಿದ್ದ ಹಾಗೆಯೇ, "ನೀವು ಬರೀತೀರೋ, ನಾನೇ ಬರೀಲೋ?" ಎಂದು ಲೇಖನಿ ತಂದಿಟ್ಟಳು. (ರಸ್ತೆಯ ಮೋರಿಗಳಿಗಾಗಿ ಕೌಂಟಿ ಕಚೇರಿಗೆ ಅರ್ಜಿ ಬರೆದೂ ಬರೆದೂ ನನ್ನ ಕೈ ಹೀಗೆ ಕಚೇರಿಯ ಭಾಷೆಗೇ ತಿರುಗುತ್ತದೆ. ನಗಬೇಡ.)

ಕಳೆದ ಆಗಸ್ಟಿನಲ್ಲಿ ಓಟ್ಸ್ ಕೊಯ್ದ ಮೇಲೆ ನೀನೂ ನಾನೂ ಅಲ್ಲಿ ಹುಲ್ಲನ್ನೂ ದನ ಮೇಯುವ ಕ್ಲೋವರ್ ಸೊಪ್ಪನ್ನೂ ಬಿತ್ತಿದೆವಷ್ಟೆ. ಹಿಮ ಕರಗಿದಾಗ ಅದು ಚಿಗುರಿತ್ತು. ಆದರೆ ಎಳೆಯ ಹುಲ್ಲುಗಾವಲು ಮೊದಲ ವಸಂತದಲ್ಲಿ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ನಿನಗೆ ಗೊತ್ತಿದೆ: ಒಂದು ಕಡೆ ದಟ್ಟ, ಒಂದು ಕಡೆ ಬೋಳು, ನಡುವೆ ಮುಳ್ಳುಗಿಡ, ಹಳದಿ ಹೂವಿನ ಕಳೆ. ಪ್ರಾರ್ಥನೆ ಮುಗಿದ ಮೇಲೆ ನಮ್ಮೂರಿನವರೆಲ್ಲ ಕಾರನ್ನು ನಿಧಾನ ಮಾಡಿ ಅವರಿವರ ಹೊಲ ನೋಡಿಕೊಂಡೇ ಮನೆ ಸೇರುವವರು. ಪಕ್ಕದ ಹೊಲದ ಆರ್ಲೋ ಟ್ವೆಟ್ ಕಾರಿನಿಂದಲೇ ತಲೆ ಹೊರಹಾಕಿ, "ಏನೋ ಆರ್ವಿಡ್, ಹೊಲ ಮಾಡ್ತಿದೀಯೋ, ಗಡ್ಡ ಬಿಡ್ತಿದೀಯೋ?" ಎಂದ. ಇಡೀ ಟೌನ್‌ಶಿಪ್ಪಿನಲ್ಲಿ ಸಾಲು ನೇರವಿರುವವನೆಂದು ಹೆಸರು ಪಡೆದ ನಾನು ಅವನಿಗೆ ವಿವರಣೆ ಕೊಡಲು ಹೋಗಲಿಲ್ಲ. ದನ ಬಂದು ಮೇಯಲಿ, ಆಗ ಹುಲ್ಲೇ ಹೇಳಲಿ ಎಂದುಕೊಂಡೆ.

ಆ ಮೇಲೆ ನಾನು ಆಸ್ಪತ್ರೆ ಸೇರಿದ್ದು, ನಿನ್ನ ಅಮ್ಮನೂ ಪಟ್ಟಣದಲ್ಲೇ ನನ್ನ ಬಳಿ ಉಳಿದದ್ದು ನಿನಗೆ ತಿಳಿದದ್ದೇ. ಮನೆಗೆ ಮರಳಿದ ದಿನ ಅಂಗಳದ ತುಂಬ ಜನ. ಆರ್ಲೋ ಇದ್ದ, ಅವನ ಹೆಂಡತಿ ಬರ್ನೀಸ್ ಮುಚ್ಚಳದ ಪಾತ್ರೆಯಲ್ಲಿ ಬಿಸಿ ಊಟ ಹಿಡಿದು ನಿಂತಿದ್ದಳು, ಸುತ್ತಲಿನ ಹೊಲಗಳ ಗಂಡಸರೆಲ್ಲ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಉಳಿದವರು ಹೇಳದೆ ಕೇಳದೆ ಟ್ರ್ಯಾಕ್ಟರು ತಂದು ಅವನ ಕೆಲಸ ಮುಗಿಸುವುದು ನಮ್ಮಲ್ಲಿ ನಡೆದುಬಂದದ್ದು. ನಾನೂ ಎಷ್ಟೋ ಮನೆಗಳಿಗೆ ಮಾಡಿದ್ದೇನೆ. ಆರ್ಲೋ ನನ್ನ ತೋಳು ಹಿಡಿದು ಪೂರ್ವದ ಹೊಲಕ್ಕೆ ಕರೆದೊಯ್ದ. "ಪಾಳು ಬಿದ್ದಿತ್ತು ಕಣೋ. ನಿನಗೆ ಹುಷಾರಿಲ್ಲ ಅಂತ ನಂಗೆ ಆಗ್ಲೇ ಗೊತ್ತಾಗ್ಬೇಕಿತ್ತು. ನೋಡೀಗ" ಎಂದ. ನಮ್ಮ ಹುಲ್ಲನ್ನೂ ಕ್ಲೋವರನ್ನೂ ಡಿಸ್ಕ್ ನೇಗಿಲು ಹೊಡೆದು ಮಣ್ಣು ಮಾಡಿ, ಬೇಲಿಯಿಂದ ಬೇಲಿಗೆ ಮೆಕ್ಕೆಜೋಳ ಬಿತ್ತಿದ್ದರು. ಮೊಳಕೆ ಒಡೆದಿತ್ತು. ಸಾಲುಗಳು, ಒಪ್ಪಿಕೊಳ್ಳಲೇಬೇಕು, ನನ್ನವಕ್ಕಿಂತ ನೇರವಾಗಿದ್ದವು. ನಾನು ಒಬ್ಬೊಬ್ಬರ ಕೈ ಕುಲುಕಿ ವಂದಿಸಿದೆ. ಬೇರೇನು ಮಾಡಲಿ, ಮಗಳೇ?

ಮೌನವಾಗಿಯೇ ಇರುತ್ತಿದ್ದೆನೇನೋ. ಆದರೆ ಮೊನ್ನೆ ಆರ್ಲೋ ಕಳೆನಾಶಕದ ಯಂತ್ರ ಎಳೆದುಕೊಂಡು ಬಂದ. ಆ ಔಷಧಿ ಬಿದ್ದರೆ ಈ ವರ್ಷ ಆ ನೆಲದಲ್ಲಿ ಕ್ಲೋವರ್ ಏಳುವುದಿಲ್ಲ. ನಾನು ಹೋಗಿ ಗೇಟಿಗೆ ಅಡ್ಡ ನಿಂತು, ಅದು ಪಾಳಲ್ಲ, ನನ್ನ ಮಗಳ ಹುಲ್ಲುಗಾವಲು ಎಂದು ಹೇಳಿದೆ. ಅವನು ಇಂಜಿನ್ ಆರಿಸಿ ಕೆಳಗಿಳಿದ. "ಅಲ್ಲ ಮಾರಾಯ, ಹುಲ್ಲು ಅಂತ ಒಂದು ಮಾತು ಹೇಳೋಕೆ ನಿಂಗೆ ಬಾಯಿರ್ಲಿಲ್ವಾ?" ಎಂದ. ಬಳಿಕ, "ಗಡ್ಡ ಅಂದೆನಲ್ಲೋ ನಾನು" ಎಂದ.

ನಾನೂ ಆರ್ಲೋನೂ ಸೇರಿ ನಿರ್ಧರಿಸಿದ್ದು ಹೀಗಿದೆ. ಔಷಧಿ ಹೊಡೆಯುವುದಿಲ್ಲ. ಜೋಳ ಮಂಡಿಯುದ್ದ ಬಂದಿದೆ. ನಾಳೆಯಿಂದ ಸಾಲುಗಳ ನಡುವೆ ಕ್ಲೋವರ್ ಬೀಜವನ್ನೂ ರೈ ಹುಲ್ಲಿನ ಬೀಜವನ್ನೂ ಎರಚುತ್ತೇವೆ. ಸೆಪ್ಟೆಂಬರಿನಲ್ಲಿ ನೀನು ಕಡಸುಗಳನ್ನು ತಂದಾಗ, ಜೋಳವನ್ನು ಕೊಯ್ಯದೆ, ಕರೆಂಟು ತಂತಿಯ ಬೇಲಿ ಸರಿಸಿ ಸರಿಸಿ, ದಿನಕ್ಕಿಷ್ಟೆಂದು ಅಳೆದು ಮೇಯಿಸತಕ್ಕದ್ದು. ಒಮ್ಮೆಗೇ ಬಿಟ್ಟರೆ ತೆನೆ ಹೆಚ್ಚು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತವೆ. ಚಳಿಗಾಲವನ್ನು ಅದರಲ್ಲೇ ಕಳೆಯಬಹುದು. ವಸಂತಕ್ಕೆ ಅಡಿಯ ಹುಲ್ಲು ಎದ್ದು ನಿಲ್ಲುತ್ತದೆ. ನಿಲ್ಲದ ಕಡೆ ಮತ್ತೆ ಬಿತ್ತೋಣ. ಆರ್ಲೋಗೆ ಇದು ಸಂಕಟ: "ನಿಂತ ಜೋಳಕ್ಕೆ ದನ ಬಿಡೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ." ಆದರೂ ಬೀಜ ಎರಚಲು ಅವನೇ ಬರುತ್ತಾನೆ.

ಆದಕಾರಣ ನನ್ನ ಅರಿಕೆ. ನಾನು ಯಾರಲ್ಲಿಯೂ ನನಗಾಗಿ ಏನನ್ನೂ ಬೇಡಿದವನಲ್ಲ. ನೀನು ಕೇಳಿದ ಹುಲ್ಲು ಇಂದು ಹೊಲದಲ್ಲಿಲ್ಲ. ಅದು ಇದೆಯೆಂದು ಬರೆಯಲಾರೆ. ಆದರೂ ಕಡಸುಗಳನ್ನು ಮಾರಬೇಡ. ಗಿರಾಕಿಗೆ ಇಲ್ಲವೆಂದು ಹೇಳಿ ಮನೆಗೆ ಬಾ.

ನಿನ್ನ ಅಮ್ಮನ ಮುತ್ತುಗಳೊಡನೆ, ದೇವರು ನಿನ್ನ ಬೆನ್ನನ್ನೂ ನಿನ್ನ ದನಗಳನ್ನೂ ಕಾಯಲೆಂದು ಹರಸುವ,

ನಿನ್ನ ತಂದೆ
ಆರ್ವಿಡ್ ಹೌಗೆನ್

ಮರೆತಿದ್ದೆ: ನಾಳೆ ಅಂಚೆಯವನು ಬರುವ ಮುನ್ನ ಇದೊಂದು. ಉಳಿದವರಾರಿಗೂ ಹುಲ್ಲಿನ ಸಂಗತಿ ತಿಳಿಯದು, ತಿಳಿಯಲೂಬಾರದು. ಆರ್ಲೋನೇ ಹೇಳಿದ: "ಗೊತ್ತಾದ್ರೆ, ನಾಳೆ ಇನ್ಯಾರಾದ್ರೂ ಮಲಗಿದಾಗ ಅವರ ಹೊಲಕ್ಕೆ ಕಾಲಿಡೋಕೆ ಒಬ್ಬೊಬ್ಬನೂ ಹೆದರ್ತಾನೆ." ಆದ್ದರಿಂದ ನೀನು ಬಂದ ಮೊದಲ ಭಾನುವಾರ ಚರ್ಚಿನ ಮೆಟ್ಟಿಲ ಬಳಿ ನಿಂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ನನ್ನ ದನಗಳಿಗೆ ಸರಿಯಾದ ಹೊತ್ತಿಗೆ ಮೇವು ಬಿತ್ತಿಕೊಟ್ಟಿರಿ ಎಂದು ವಂದಿಸತಕ್ಕದ್ದು.