ಹಂದಿಚಿತ್ರದ ಎರಡು ಬಾಗಿಲು

ಬ್ರಿಂಕ್ಲಿ ಮಿಲ್, ಉತ್ತರ ಕೆರೊಲಿನಾ
25 ಸೆಪ್ಟೆಂಬರ್ 2016, ಭಾನುವಾರ

ನನ್ನ ಒಬ್ಬಳೇ ಸೋದರಸೊಸೆ ಲೊರೀನಾಗೆ,

ನಿನ್ನ ಹಾಯ್ಟ್ ಮಾವನ ಆಶೀರ್ವಾದ. ನಿನ್ನ ಕಾಗದ ಜುಲೈನಲ್ಲೇ ಬಂತು. ಉತ್ತರ ಬರೆಯೋಣವೆಂದರೆ ಪೆನ್ನು ಸಿಗಲಿಲ್ಲ, ಪೆನ್ನು ಸಿಕ್ಕಾಗ ಕನ್ನಡಕ ಸಿಗಲಿಲ್ಲ, ಎರಡೂ ಸಿಕ್ಕ ದಿನ ಕೆಂಡದ ಮೇಲೆ ಮಾಂಸವಿತ್ತು. ಕೋಪ ಮಾಡಿಕೊಳ್ಳಬೇಡ. ನಾನು ಹಳ್ಳಿ ಶಾಲೆಯಲ್ಲಿ ಎಂಟನೆಯ ತರಗತಿಗೆ ನಮಸ್ಕಾರ ಹೊಡೆದವನು. ಆದರೂ ಈ ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಕಾಗದ ಬರೆಯುವವನು ಇನ್ನೊಬ್ಬನಿಲ್ಲ. ಇದ್ದರೂ ಅವನಿಗೆ ಹಂದಿ ಬೇಯಿಸಲು ಬರುವುದಿಲ್ಲ.

ಊರಿನ ಸುದ್ದಿ ಕೇಳಿದ್ದೀಯ. ನಾನೀಗ ಊರಿಗೆ ದೊಡ್ಡ ವೀರ. ಅರ್ಧ ಊರಿಗೆ ವೀರ, ಉಳಿದರ್ಧಕ್ಕೆ ಧರ್ಮಭ್ರಷ್ಟ. ಹೇಗಾಯಿತೆಂಬ ನಿಜವನ್ನು ನಿನಗೊಬ್ಬಳಿಗೇ ಹೇಳುತ್ತೇನೆ, ಹೊರಗೆ ಬಿಡಬೇಡ.

ನನ್ನ ಹಂದಿಮಾಂಸದ ಊಟದಂಗಡಿಯ ಪಾಯಿಖಾನೆಯ ಎರಡು ಬಾಗಿಲ ಮೇಲೆ ನೀನು ಹನ್ನೆರಡನೆಯ ವಯಸ್ಸಿನಲ್ಲಿ ಬಿಡಿಸಿಕೊಟ್ಟ ಹಂದಿಗಳು ಇದ್ದವಲ್ಲ, ಟೋಪಿ ಹಾಕಿದ ಗಂಡುಹಂದಿ ಒಂದು, ತುಟಿಗೆ ಬಣ್ಣ ಬಳಿದ ಹೆಣ್ಣುಹಂದಿ ಒಂದು? ಹೊಗೆ ಹಿಡಿದು ಎರಡರ ಮುಖವೂ ಒಂದೇ ಆಗಿತ್ತು. ಮಾರ್ಚ್‌ನಲ್ಲಿ ಬಾಗಿಲುಗಳನ್ನು ಕಳಚಿ ಸೌದೆಮನೆಗೆ ಒರಗಿಸಿದೆ. ಅವುಗಳ ಜಾಗದಲ್ಲಿ ಕೆಂಪು ಚೌಕಳಿಯ ಎರಡು ಮೇಜುಬಟ್ಟೆ ಇಳಿಬಿಟ್ಟೆ. ಅದೇ ವಾರ ರಾಜಧಾನಿಯವರು ಆ ಕಾನೂನು ತಂದರು. ಸರ್ಕಾರದ ಕಟ್ಟಡ, ಶಾಲೆ, ಉದ್ಯಾನ, ಹೆದ್ದಾರಿಯ ತಂಗುದಾಣ, ಎಲ್ಲೇ ಆಗಲಿ, ಜನನಪತ್ರದಲ್ಲಿ ಏನಿದೆಯೋ ಆ ಬಾಗಿಲಿಗೇ ಹೋಗಬೇಕೆಂದು. ನಿನ್ನ ಜನನಪತ್ರದಲ್ಲಿ ಗಂಡು ಎಂದಿದೆ. ನೀನು ನಾಲ್ಕು ವರ್ಷದಿಂದ ಲೊರೀನಾ. ನನ್ನಂಥ ಖಾಸಗಿ ಅಂಗಡಿಗೆ ಆ ಕಾನೂನು ತಟ್ಟುವುದೇ ಇಲ್ಲ. ಆದರೆ ಕಾನೂನು ಓದಿ ಜಗಳವಾಡಿದವರನ್ನು ನಾನಂತೂ ನೋಡಿಲ್ಲ.

ಅದರ ಮುಂದಿನ ಬುಧವಾರ ಕ್ಲಾಡ್‌ಫೆಲ್ಟರ್ ಬಂದ. ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ, ನಾನು ಮೀಸೆ ಬಿಡುವ ಮುಂಚಿನಿಂದಲೂ ಗಿರಾಕಿ. ಒಳಗೆ ಹೋಗಿ, ಪರದೆ ನೋಡಿ, ಹಾಗೇ ವಾಪಸು ಬಂದ.

"ಏನಯ್ಯಾ ಹಾಯ್ಟ್, ಬಾಗ್ಲೆಲ್ಲಿ?"

"ರಜಾ ಹಾಕಿ ಹೋಗಿವೆ."

"ತಮಾಷೆ ಬಿಡು. ಗಂಡಸರದ್ಯಾವುದು, ಹೆಂಗಸರದ್ಯಾವುದು?"

"ನಿಂಗೆ ಗೊತ್ತಾಗ್ಲಿಲ್ವಾ? ಎಪ್ಪತ್ತು ವರ್ಷ ಆಯ್ತು, ಇನ್ನೂ ಬೋರ್ಡ್ ನೋಡೇ ತಿಳ್ಕೋಬೇಕಾ?"

ಅಲ್ಲಿಗೆ ಮುಗಿಯಿತು. ಪ್ರತಿ ಬುಧವಾರ ಪ್ರಾರ್ಥನೆ ಮುಗಿಸಿ ನನ್ನಲ್ಲಿಗೆ ಬರುತ್ತಿದ್ದ ಅವನ ಚರ್ಚಿನ ದಂಡು ಮುಂದಿನ ವಾರ ಬೇರೆ ಅಂಗಡಿಗೆ ಹೋಯಿತು. ಬಣ್ಣ ಬಳಿಯಲು ಕಳಚಿದ್ದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಗ್ರೀನ್ಸ್‌ಬರೊದ ಕಾಲೇಜು ಹುಡುಗಿಯರು ಕಾರು ತುಂಬಿಕೊಂಡು ಬಂದು, ಕಾನೂನನ್ನು ಧಿಕ್ಕರಿಸಲೆಂದೇ ನಾನು ಬಾಗಿಲು ಕಿತ್ತೆನೆಂದು ತಿಳಿದು, "ಅಂಕಲ್, ನಿಮ್ಮ ಧೈರ್ಯಕ್ಕೆ ಕೈಮುಗೀಬೇಕು" ಎಂದು ಪರದೆಯ ಮುಂದೆ ನನ್ನ ಫೋಟೊ ತೆಗೆದರು. ಧೈರ್ಯವಂತ ಎಂದವರ ಮುಂದೆ ಬಣ್ಣದ ಡಬ್ಬಿಯ ವಿಷಯ ಎತ್ತುವುದು ಸಭ್ಯತೆಯಲ್ಲ. ಅವರಲ್ಲಿ ಅರ್ಧ ಜನ ಮಾಂಸ ಮುಟ್ಟುವುದಿಲ್ಲ. ಎಲೆಕೋಸಿನ ಕೆಂಪು ಕೋಸಂಬರಿ, ಮುಸುಕಿನ ಜೋಳದ ಹಿಟ್ಟಿನ ಬೋಂಡ ತಿಂದು, ಅಪ್ಪಿಕೊಂಡು ಹೋಗುತ್ತಾರೆ. ಅಪ್ಪುಗೆಯಿಂದ ಸೌದೆ ಬರುವುದಿಲ್ಲ, ನೋಡು.

ಈ ತಿಂಗಳು ದೊಡ್ಡ ಏಟು ಬಿತ್ತು. ಕಾಲೇಜುಗಳ ಚೆಂಡಾಟದ ದೊಡ್ಡ ಪಂದ್ಯಗಳನ್ನೆಲ್ಲ ಈ ಕಾನೂನನ್ನು ವಿರೋಧಿಸಿ ಬೇರೆ ರಾಜ್ಯಕ್ಕೆ ಒಯ್ಯುತ್ತಾರಂತೆ. ಪಂದ್ಯ ನೋಡಲು ಹೋಗುವವರು ನನ್ನಲ್ಲಿ ಉಂಡೇ ಹೋಗುತ್ತಿದ್ದರು. ಈಗ ಎರಡು ಒಲೆ ತಣ್ಣಗಿವೆ. ಬಡಿಸುವ ಆರ್ಲೀನ್‌ಗೆ ವಾರದಲ್ಲಿ ಅರ್ಧ ಕೆಲಸ ಮಾತ್ರ. ಅವಳಿಗೆ ಕಾನೂನು ಇಷ್ಟವೋ ಇಲ್ಲವೋ ನಾನು ಕೇಳಿಲ್ಲ. ಆದರೆ ಮೊನ್ನೆ ಮೇಜು ಒರೆಸುತ್ತಾ, "ಯಾರು ಎಲ್ಲಿ ಉಚ್ಚೆ ಹೊಯ್ತಾರೆ ಅನ್ನೋದಕ್ಕೂ ನನ್ನ ಕೂಲಿಗೂ ಏನಪ್ಪಾ ಸಂಬಂಧ? ಒಬ್ರಾದ್ರೂ ಬಿಡಿಸಿ ಹೇಳ್ರಿ" ಎಂದು ಯಾರನ್ನೂ ನೋಡದೆ ಕೇಳಿದಳು. ಅಂಗಡಿಯಲ್ಲಿ ಎರಡೂ ಪಕ್ಷದವರಿದ್ದರು. ಎಲ್ಲರೂ ತಟ್ಟೆ ನೋಡಿಕೊಂಡರು.

ಇನ್ನು ನಿನ್ನ ವಿಷಯ. ಅಕ್ಟೋಬರಿನ ಕುಟುಂಬದ ಊಟಕ್ಕೆ ಬರುವುದಿಲ್ಲ ಎಂದು ಬರೆದಿದ್ದೀಯ. ಊಟ ಜಿಲ್ಲಾ ಉದ್ಯಾನದಲ್ಲಿ, ಅಲ್ಲಿನ ಪಾಯಿಖಾನೆ ಸರ್ಕಾರದ್ದು. ಜೂನ್‌ನಲ್ಲಿ ಆದದ್ದು ಇನ್ನೊಮ್ಮೆ ಬೇಡ ಎಂದಿದ್ದೀಯ. ನಿನ್ನ ತಮ್ಮ ಟೇಟ್ ಹೈಸ್ಕೂಲು ಮುಗಿಸಿದ ಸಮಾರಂಭಕ್ಕೆ ರೊನೋಕ್‌ನಿಂದ ಬೆಳಿಗ್ಗೆ ಹೊರಟವಳು, ಒಂದು ಗುಟುಕು ನೀರು ಕುಡಿಯದೆ ಶಾಲೆಯ ಮೈದಾನದ ಬಿಸಿಲಲ್ಲಿ ಕೂತು, ಮುಗಿದ ಕೂಡಲೆ ಕಾರು ಓಡಿಸಿಕೊಂಡು ಬಂದು ನನ್ನ ಪರದೆಯ ಹಿಂದೆ ಓಡಿದವಳು ನೀನು. ಮಾರನೆಯ ದಿನ ಜ್ವರ. ಮೂತ್ರಪಿಂಡಕ್ಕೆ ಸೋಂಕು. ಆಸ್ಪತ್ರೆ. ಹಾಗಾಗಿ ನೀನು ಬರದಿದ್ದರೆ ತಪ್ಪು ಎನ್ನುವವನು ನಾನಲ್ಲ.

ಆದರೆ ನಿನ್ನ ಮಾವನ ತಲೆ ಬರೀ ಟೋಪಿ ಹಾಕುವುದಕ್ಕಲ್ಲ. ಹೋದ ಭಾನುವಾರ ಎಲ್ಲರನ್ನೂ ಸೇರಿಸಿ ಹೇಳಿದೆ: "ಚೆಂಡು ಆಡೋರೇ ರಾಜ್ಯ ಬಿಟ್ಟು ಹೋಗ್ತಾರೆ. ನಮ್ಮ ಕ್ರೇವರ್ ವಂಶದವ್ರು ಏನು ಕಮ್ಮಿ? ಈ ಸಲ ಊಟ ವರ್ಜೀನಿಯಾದಲ್ಲಿ!" ಗಡಿ ದಾಟಿದರೆ ಮೊದಲ ಹೊಲವೇ ನನ್ನ ಗೆಳೆಯ ಡೂಯಿಯದು. ದೊಡ್ಡ ಒಲೆಯನ್ನು ಗಾಡಿಗೆ ಕಟ್ಟಿ ಎಳೆದೊಯ್ಯುತ್ತೇನೆ. ಡೂಯಿಯ ಮನೆಯಲ್ಲಿ ಪಾಯಿಖಾನೆ ಒಂದೇ. ಬೇಕಾದವರೆಲ್ಲ ಸಾಲಲ್ಲಿ ನಿಲ್ಲಲಿ.

ನಮ್ಮೆಲ್ಲರಿಗೂ ಹಿರಿಯಳಾದ ಜೆಲ್ಫಾ ಅಜ್ಜಿ ಊರುಗೋಲು ಕುಟ್ಟಿದಳು. "ಲೋ ಹಾಯ್ಟ್, ಹುಟ್ಟಿದಾಗಿಂದ ಈ ರಾಜ್ಯದ ಗಡಿ ದಾಟಿ ಒಂದು ತುತ್ತು ತಿಂದಿಲ್ಲ ಕಣೋ ನಾನು. ವರ್ಜೀನಿಯಾದೋರು ಹಂದೀನ ನೀರಲ್ಲಿ ಬೇಯಿಸ್ತಾರಂತೆ!"

"ಬೇಯಿಸೋನು ನಾನು ಕಣಜ್ಜಿ."

"ಹಂಗಾದ್ರೆ ಇನ್ನೂ ಭಯ" ಎಂದಳು ಮುದುಕಿ. ಆದರೆ ಬರುತ್ತಾಳೆ. ಸಿಹಿಗೆಣಸಿನ ಕಡುಬು ಮಾಡಿಕೊಂಡೇ ಬರುತ್ತಾಳೆ.

ನಿನ್ನ ಅಮ್ಮ ವರ್ನಾ ಎಲ್ಲರೂ ಎದ್ದ ಮೇಲೆ ನನ್ನ ತೋಳು ಹಿಡಿದು, "ಅಣ್ಣ, ಇಷ್ಟೆಲ್ಲಾ ಯಾಕೆ? ಮಗು ಉದ್ಯಾನಕ್ಕೆ ಯಾಕೆ ಬರಲ್ವಂತೆ?" ಎಂದಳು. ಜ್ವರದ ವಿಷಯ ಅವಳಿಗೆ ನೀನು ಹೇಳಿರಲಿಲ್ಲ. ನಾನು ಹೇಳಿದೆ. ಹೇಳಬೇಡವೆಂದು ನೀನು ಬರೆದಿದ್ದರೂ ಹೇಳಿದೆ.

ಅಕ್ಟೋಬರ್ ಒಂಬತ್ತು, ಭಾನುವಾರ, ಚರ್ಚ್ ಬಿಟ್ಟ ಮೇಲೆ. ನಿನಗಾಗಿ ಮಾಂಸದ ಹೊರಮೈಯ ಕಂದು ತುಂಡುಗಳನ್ನು, ಕರುಂ ಕುರುಂ ಎನ್ನುವಂಥವನ್ನು, ಬೇರೆಯೇ ತೆಗೆದಿಡುತ್ತೇನೆ. ಕುಂಚ ತಾ. ಆ ಬಾಗಿಲುಗಳಿಗೆ ಬಣ್ಣ ಬಳಿಯುವವರು ಇನ್ನೂ ಯಾರೂ ಸಿಕ್ಕಿಲ್ಲ. ಈ ಸಲ ಎರಡರ ಮೇಲೂ ಒಂದೇ ಹಂದಿ ಬಿಡಿಸು, ಗಂಡೋ ಹೆಣ್ಣೋ ಹಂದಿಗೇ ಗೊತ್ತಾಗದಂಥದು. ಬೆಂದ ಮೇಲೆ ಎರಡರ ರುಚಿಯೂ ಒಂದೇ. ಇದನ್ನು ನಿನಗೆ ಹೇಳಲು ಈ ಭೂಮಿಯ ಮೇಲೆ ನನಗಿಂತ ಅರ್ಹರಿಲ್ಲ.

ನೀರು ಚೆನ್ನಾಗಿ ಕುಡಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ಒಲೆಗಳ ಒಡೆಯ, ಅರ್ಧ ಊರಿನ ವೀರ,
ನಿನ್ನ ಮಾವ ಹಾಯ್ಟ್ ಕ್ರೇವರ್

ಮರೆತ ಮಾತು: ಮೇಲಿನದನ್ನು ಬೆಳಿಗ್ಗೆ ಬರೆದು ಮಡಚಿಟ್ಟಿದ್ದೆ. ಮಧ್ಯಾಹ್ನ ವರ್ನಾ ಅಂಗಡಿಗೆ ಬಂದಳು. ಏನೂ ತಿನ್ನಲಿಲ್ಲ. ಪರದೆಗಳ ಕಡೆ ನೋಡುತ್ತಾ ಕೂತಿದ್ದು, "ಅಣ್ಣ, ಶಾಲೆ ಮೈದಾನದಿಂದ ನಮ್ಮನೆ ಎರಡು ತಿರುವು. ನಿನ್ನ ಅಂಗಡಿ ಊರಾಚೆ. ಅಷ್ಟು ಅವಸರದಲ್ಲಿ ಮಗು ನಮ್ಮನೆ ದಾಟ್ಕೊಂಡು ಇಲ್ಲಿಗೆ ಯಾಕೆ ಬಂತು? ನಮ್ಮನೆಗೂ ಆ ಕಾನೂನು ಇದ್ಯಾ?" ಎಂದಳು. ನಿನಗೂ ಗೊತ್ತು, ನಮ್ಮ ಮನೆಗಳಲ್ಲಿ ಮುಂಬಾಗಿಲು ಪಾದ್ರಿಗೆ, ವಿಮೆಯವನಿಗೆ. ಮನೆಯವರು ಅಡುಗೆಮನೆಯ ಹಿಂಬಾಗಿಲು ತಳ್ಳಿಕೊಂಡೇ ಒಳಗೆ ಬರುವವರು. ಹೋದ ಕ್ರಿಸ್‌ಮಸ್‌ನಲ್ಲಿ ನೀನು ಮುಂಬಾಗಿಲಿಗೆ ಬಂದು ಗಂಟೆ ಒತ್ತಿದೆಯಂತೆ. ಅವಳೂ ಬಾಗಿಲು ತೆಗೆದು, ಕೂತ್ಕೊಳ್ಳಿ ಎಂದಳಂತೆ. "ಕೂತ್ಕೊಳ್ಳಿ ಅಂದೆ ಅಣ್ಣ" ಎಂದು ಎರಡು ಸಲ ಹೇಳಿದಳು.

ಹೋಗುವಾಗ, "ಊಟ ವರ್ಜೀನಿಯಾದಲ್ಲೇ ಆಗ್ಲಿ. ರಾತ್ರಿ ನಮ್ಮನೇಲಿ ಮಲಗ್ಲಿ. ಹಿಂಬಾಗಿಲಿಗೆ ಚಿಲಕ ಹಾಕಿರಲ್ಲ ಅಂತ ಬರಿ" ಎಂದಳು.

ಬರೆದಿದ್ದೇನೆ.