ಪಕ್ಕೆಯ ಗಾಯ

ಅಪ್ಪಾ,

ನೀನು ತೀರಿಹೋದ ಮೇಲೆ ಮೊದಲ ಸಲ, ನೀನು ಮಾಡಿದ ಯೇಸುವಿನ ಪ್ರತಿಮೆಯನ್ನು ಪಾದ್ರಿಗಳು ಇವತ್ತು ಬಣ್ಣಕ್ಕೆಂದು ತಂದರು. "ಈಟಿ ತಿವಿದ ಪಕ್ಕೆಯ ಗಾಯ ಒಡೆದಿದೆ, ಹೊಸದಾಗಿ ಮೆತ್ತಿಬಿಡಪ್ಪ," ಅಂದರು.

ಹಳೇ ಬಣ್ಣ ಕೆರೆದರೆ ಗಾಯದೊಳಗೆ ನಿನ್ನ ಹೆಬ್ಬೆರಳಿನ ಅಚ್ಚು, ಬೆರಳಿಗೆ ಉಳಿ ತಾಗಿದ ಕಲೆಯ ಸಮೇತ. ಹಸಿ ಪ್ಲಾಸ್ಟರಿಗೆ ಬೆರಳೊತ್ತಿಯೇ ಗಾಯ ಮಾಡಿದ್ದೆಯಲ್ಲ.

"ಯೇಸು ಒಳ್ಳೇ ಮನುಷ್ಯ, ಅಷ್ಟೇ. ದೇವರು ಹೇಗಾಗ್ತಾನೆ?" ಎಂದು ಹಿಂದೊಮ್ಮೆ ನಾನು ವಾದಕ್ಕಿಳಿದಿದ್ದೆ.

"ದೇವರಲ್ಲದಿದ್ರೆ, ನಾನೇ ಮಾಡಿದ ಗಾಯದ ಮುಂದೆ ನಾನ್ಯಾಕೋ ಮಂಡಿಯೂರ್ತೀನಿ?" ಎಂದು ನೀನು ಕೇಳಿದೆ. ನಾನು ನಕ್ಕುಬಿಟ್ಟೆ. ಆಮೇಲೆ ನೀನು ನನ್ನೆದುರು ಪ್ರಾರ್ಥನೆ ಮಾಡಲೇ ಇಲ್ಲ.

ಗಾಯ ಮೆತ್ತಲು ಮಂಡಿಯೂರಿದವನು ಆ ಅಚ್ಚಿನೊಳಗೆ ನನ್ನ ಹೆಬ್ಬೆರಳಿಟ್ಟೆ. ತಣ್ಣಗಿರಬೇಕಾದ ಪ್ಲಾಸ್ಟರ್ ಬೆಚ್ಚಗಿತ್ತು. ಗಾಯವನ್ನು ಹಾಗೇ ಬಿಟ್ಟಿದ್ದೇನೆ.

ಕಲಸಿಟ್ಟ ಪ್ಲಾಸ್ಟರ್ ಬಟ್ಟಲಲ್ಲೇ ಕಲ್ಲಾಗಿದೆ. ಈ ಕಾಗದವನ್ನೂ ಮಂಡಿಯೂರಿಕೊಂಡೇ ಬರೆಯುತ್ತಿದ್ದೇನೆ.