ಮಗಳನ್ನು ಕಳಿಸಬೇಡಿರಿ

ಬಸವಕಲ್ಯಾಣ, ಸೋಮವಾರ

ಬೀಗತಿ ಮಾಣಿಕಮ್ಮನವರಿಗೆ ಶರಣು ಶರಣಾರ್ಥಿ.

ನಿಮ್ಮ ಮನೆಯ ಫೋನು ನನ್ನ ಮಗಳು ಪೂನಂಳೇ ಎತ್ತುತ್ತಾಳೆ, ಅದಕ್ಕೇ ಈ ಪತ್ರ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಲೆಂದೇ ನಿಮ್ಮ ಹುಮನಾಬಾದಿನಲ್ಲಿ ಹಳೆಯ ಡೀಸೆಲ್ ಕಾರು ಕೊಂಡೆ. ಮಾರಿದ ಏಜಾಜ್, "ಕಾಕಾ, ಬಣ್ಣ ನೋಡಬ್ಯಾಡ್ರಿ, ಇಂಜಿನ್ ಗಟ್ಟಿ ಅದರಿ" ಅಂದ. ನಾನೂ ಕಾಲೇಜಿನ ಇಂಗ್ಲಿಷಿನಲ್ಲಿ "ವೆರಿ ಸಫಿಶಿಯೆಂಟ್" ಅಂದುಬಿಟ್ಟೆ. ಬರುವಾಗ ದಾರಿಯಲ್ಲಿ ರಾಜೇಶ್ವರ ಊರಿನ ಬಳಿ ಕೆಟ್ಟು ನಿಂತಿತು. ಮಂದಿ ದೂಡಿದ ಮೇಲೆ ಹೊಗೆ ಬಿಡುತ್ತ ಹೊರಟಿತು, ಆ ಮಾತು ಇರಲಿ. ಪೂನಂಳ ತಾಯಿಯನ್ನು ದವಾಖಾನೆಗೆ ಒಯ್ಯುವಾಗ ಬಾಡಿಗೆ ಜೀಪು ನಿಂತದ್ದೂ ಅಲ್ಲೇ. ಆಕೆ ದವಾಖಾನೆ ಮುಟ್ಟಲೇ ಇಲ್ಲ.

ಗುರುವಾರ ಬುತ್ತಿ ಕಟ್ಟಿಕೊಂಡು ಅದೇ ಕಾರಿನಲ್ಲಿ ಕರೆಯಲು ಬರುತ್ತೇನೆ. ಒಬ್ಬನೇ ಆದರೆ ಹೇಗೋ ಬಂದೇನು. ಪೂನಂ ಕಾರು ಕಂಡ ಕೂಡಲೇ ಹತ್ತಿ ಕೂಡುತ್ತಾಳೆ. ದಯವಿಟ್ಟು ಕಳಿಸಬೇಡಿರಿ. "ನಮ್ಮ ಮನಿ ಬಾಜೂಕೇ ದವಾಖಾನಿ ಅದ, ಯಾಕ ಕಳಸಬೇಕು?" ಎಂದು ಜಗಳ ತೆಗೆಯಿರಿ. ತವರಿನ ಪದ್ಧತಿ ಎಂದು ನಾನೂ ಕೂಗಾಡುತ್ತೇನೆ, ಅವಳೆದುರು ಕೂಗಾಡಲೇಬೇಕಲ್ಲ, ಇಲ್ಲದಿದ್ದರೆ ಅಪ್ಪನಿಗೇ ನಾನು ಬೇಡವಾದೆ ಅಂದುಕೊಂಡಾಳು. ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಕಡೆಗೆ ನಾನೇ ಸೋಲುತ್ತೇನೆ.

ಹೆರಿಗೆ ಆಗುವತನಕ ನಿಮ್ಮ ಕಟ್ಟೆಯ ಮೇಲೆ ನನಗೊಂದು ಚಾಪೆ ಕೊಡಿರಿ. ಕಾರು ಚಾಲೂ ಆಗುತ್ತಿಲ್ಲ, ಅದಕ್ಕೇ ಉಳಿದೆ ಅನ್ನುತ್ತೇನೆ. ಅದನ್ನು ಅವಳು ನಂಬುತ್ತಾಳೆ.

ಯುವರ್ ಮೋಸ್ಟ್ ಒಬಿಡಿಯೆಂಟ್,
ನಿಮ್ಮ ಬೀಗ ಶಂಕರಲಿಂಗ